ಎಂಟಕ್ಕೆ ಮುಂಚಿನ ಊಟ

ಮೈಸೂರಿನ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ನಾನು ಇಪ್ಪತ್ತೊಂದು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ದಿನಕ್ಕೆ ಒಂಬತ್ತು ಗಂಟೆ ಕುರ್ಚಿ ಬಿಟ್ಟು ಏಳದ ಕೆಲಸ ಅದು. ಪ್ರತಿ ತಿಂಗಳ 20ರೊಳಗೆ ಜಿಎಸ್‌ಟಿ ರಿಟರ್ನ್, ಸೆಪ್ಟೆಂಬರ್ 30ರೊಳಗೆ ತೆರಿಗೆ ಆಡಿಟ್ ವರದಿ, ಮಾರ್ಚ್‌ನಲ್ಲಿ ವರ್ಷದ ಲೆಕ್ಕ ಮುಕ್ತಾಯ ಎಂದು ಒಂದು ಗಡುವು ದಾಟುವಷ್ಟರಲ್ಲಿ ಇನ್ನೊಂದು ಎದುರಿಗೆ ಬಂದು ನಿಂತಿರುತ್ತದೆ. 2023ರ ಜೂನ್‌ನಲ್ಲಿ ನನಗೆ 46 ತುಂಬಿದಾಗ, ಹೆಂಡತಿಯ ಒತ್ತಾಯಕ್ಕೆ ಮಣಿದು ರಕ್ತ ಪರೀಕ್ಷೆ ಮಾಡಿಸಿದೆ. ಖಾಲಿ ಹೊಟ್ಟೆಯ ಸಕ್ಕರೆ 114, ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ 6.2, ರಕ್ತದೊತ್ತಡ 142/92, ತೂಕ 81 ಕಿಲೋ, ಸೊಂಟದ ಸುತ್ತಳತೆ 101 ಸೆಂಟಿಮೀಟರ್ ಎಂದು ಬಂತು.

ಅಂಕಿಗಳ ನಡುವೆಯೇ ಬದುಕುವವನಾದ್ದರಿಂದ ಈ ಅಂಕಿಗಳ ಅರ್ಥವನ್ನೂ ಕೂತು ತಿಳಿದುಕೊಂಡೆ. ಕೆಂಪು ರಕ್ತಕಣವೊಂದು ಸುಮಾರು 120 ದಿನ ಬದುಕುತ್ತದೆ; ಅಷ್ಟು ದಿನವೂ ಅದಕ್ಕೆ ಅಂಟುತ್ತ ಬಂದ ಸಕ್ಕರೆಯ ಪ್ರಮಾಣವನ್ನು ಎಚ್‌ಬಿಎ1ಸಿ ಹೇಳುತ್ತದೆ. ಆದ್ದರಿಂದ ಪರೀಕ್ಷೆಯ ಹಿಂದಿನ ಎರಡು ದಿನ ಮಾತ್ರ ಪಥ್ಯ ಮಾಡಿದರೆ ಅದನ್ನು ಮೋಸಗೊಳಿಸಲು ಆಗುವುದಿಲ್ಲ. 5.7ಕ್ಕಿಂತ ಕಡಿಮೆ ಇದ್ದರೆ ಸಹಜ, 6.5 ಮುಟ್ಟಿದರೆ ಮಧುಮೇಹ. ನಾನು ಇವೆರಡರ ನಡುವೆ ಇದ್ದೆ, ಅದರಲ್ಲೂ ಕೆಟ್ಟ ತುದಿಗೆ ಹತ್ತಿರವಾಗಿದ್ದೆ. ಅದೇ ತಿಂಗಳು ಪ್ರಕಟವಾದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನವು ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆಯೆಂದೂ, 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆಂದೂ ಅಂದಾಜು ಮಾಡಿತ್ತು. ಆ ಸುದ್ದಿಯನ್ನು ಓದುವಾಗ ನನಗೆ ನೆನಪಾದದ್ದು ಕೋಟಿಗಳ ಲೆಕ್ಕವಲ್ಲ, ನನ್ನ ಅಪ್ಪನ ಬಲಗಾಲು. ಮಂಡ್ಯದ ಹಳ್ಳಿಯಿಂದ ಕೆಲಸಕ್ಕೆಂದು ಪಟ್ಟಣಕ್ಕೆ ಬಂದ ಅಪ್ಪನಿಗೆ ಐವತ್ತರೊಳಗೆ ಸಕ್ಕರೆ ಕಾಯಿಲೆ ಬಂತು. ಹೆಬ್ಬೆರಳಿನಲ್ಲಾದ ಒಂದು ಸಣ್ಣ ಹುಣ್ಣು ಒಣಗದೆ ಪಾದವನ್ನೇ ತೆಗೆಸಬೇಕಾಯಿತು. 61ನೇ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಅವರ ಮಂಚದ ಪಕ್ಕ ಕುಳಿತಿದ್ದವನು ನಾನೇ.

ಭಯದಲ್ಲಿ ಶುರು ಮಾಡಿದ್ದರಿಂದ ಎಲ್ಲವನ್ನೂ ಒಟ್ಟಿಗೆ ಶುರು ಮಾಡಿದೆ. ಅನ್ನ ಬಿಟ್ಟೆ, ಸಕ್ಕರೆ ಬಿಟ್ಟೆ, ಬೇಕರಿಯ ಕಡೆ ತಲೆ ಹಾಕಲಿಲ್ಲ, ಬೆಳಿಗ್ಗೆ ಐದಕ್ಕೆ ಅಲಾರಾಂ ಇಟ್ಟು ಎದ್ದು ಒಂದು ಗಂಟೆ ನಡೆದೆ. ಇದು ಸರಿಯಾಗಿ 23 ದಿನ ನಡೆಯಿತು. ಜುಲೈ 20ರ ಗಡುವಿಗೆ ಮೂರು ರಾತ್ರಿ ತಡವಾಗಿ ಮನೆಗೆ ಬಂದವನು ಬೆಳಗಿನ ಅಲಾರಾಂ ನಿಲ್ಲಿಸಿದೆ; ನಡಿಗೆ ತಪ್ಪಿದ ಮೇಲೆ ಊಟದ ಕಟ್ಟುಪಾಡಿಗೂ ಅರ್ಥವಿಲ್ಲವೆನ್ನಿಸಿ ಅದನ್ನೂ ಬಿಟ್ಟೆ. ದಸರೆ ಕಳೆದ ಮೇಲೆ ಇನ್ನೊಮ್ಮೆ ಪ್ರಯತ್ನಪಟ್ಟೆ. ಈ ಸಲ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಪ್ರತಿ ಭಾನುವಾರ ಹತ್ತುವುದೆಂದು ತೀರ್ಮಾನಿಸಿದೆ. ಮೊದಲ ಭಾನುವಾರವೇ ನಂದಿಯ ಬಳಿ ಎರಡು ಸಲ ಕೂತು ಹೇಗೋ ಮೇಲೆ ಮುಟ್ಟಿದೆನಾದರೂ, ಇಳಿಯುವಾಗ ಎಡ ಮೊಣಕಾಲು ಹಿಡಿದುಕೊಂಡು ಮೂರು ವಾರ ಕುಂಟಬೇಕಾಯಿತು. ವಾರವಿಡೀ ಕೂತಿರುವ ದೇಹವನ್ನು ಒಂದೇ ದಿನ ಬೆಟ್ಟಕ್ಕೆ ಒಯ್ದದ್ದು ತಪ್ಪಾಗಿತ್ತು. ಆ ಮೂರು ವಾರಗಳಲ್ಲಿ ತೂಕ ಇನ್ನೂ ಒಂದು ಕಿಲೋ ಏರಿತು.

2024ರ ಜನವರಿಯಲ್ಲಿ ರಕ್ತದೊತ್ತಡ ತೋರಿಸಲು ಬೇರೊಬ್ಬ ವೈದ್ಯರ ಬಳಿ ಹೋದೆ. ಏನು ತಿನ್ನುತ್ತೀರಿ, ಎಷ್ಟು ನಡೆಯುತ್ತೀರಿ ಎಂದು ಅವರು ಮೊದಲು ಕೇಳಲಿಲ್ಲ. "ನಿನ್ನೆ ಸಾಯಂಕಾಲ ಆರರಿಂದ ಇವತ್ತು ಬೆಳಿಗ್ಗೆ ಆರರವರೆಗೆ ಏನೇನಾಯಿತು, ಗಂಟೆ ಗಂಟೆಯ ಲೆಕ್ಕದಲ್ಲಿ ಹೇಳಿ" ಎಂದರು. ನಾನು ಹೇಳುತ್ತ ಹೋದೆ. ಆರೂವರೆಗೆ ಕಚೇರಿಯಲ್ಲಿ ದಿನದ ಐದನೇ ಕಾಫಿ, ಜೊತೆಗೆ ಖಾರಾ ಬನ್ನೋ ನಿಪ್ಪಟ್ಟೋ, ಏಳೂವರೆಗೆ ಮನೆ, ಬಂದ ಹಸಿವಿಗೆ ಒಂದು ಬಟ್ಟಲು ಕುರುಕಲು, ಹತ್ತಕ್ಕೆ ಹೊಟ್ಟೆ ತುಂಬ ಊಟ, ಹತ್ತೂವರೆಗೆ ಹಾಸಿಗೆ, ಹನ್ನೆರಡೂವರೆಯವರೆಗೆ ಕೈಯಲ್ಲಿ ಫೋನು, ಮೂರು ಗಂಟೆಯ ಆಸುಪಾಸಿನಲ್ಲಿ ಎಚ್ಚರ, ಮತ್ತೆ ನಿದ್ದೆ ಹತ್ತುವುದು ಐದಕ್ಕೆ. ಅವರು ಬರೆದುಕೊಂಡದ್ದನ್ನು ನನ್ನ ಕಡೆ ತಿರುಗಿಸಿ ತೋರಿಸಿದರು. ಹತ್ತು ಗಂಟೆಯ ಊಟವೇ ಬೆಳಗಿನ ನಡಿಗೆಯನ್ನು ಕೆಡಿಸುತ್ತಿದೆ, ಬೆಳಗನ್ನು ಸರಿಪಡಿಸಲು ಹೋಗಬೇಡಿ, ರಾತ್ರಿಯಿಂದ ಶುರು ಮಾಡಿ ಎಂಬುದು ಅವರ ಸಲಹೆಯಾಗಿತ್ತು. ಮೂರು ತಿಂಗಳು ಮಾತ್ರೆ ಬೇಡ, ಎಂಟಕ್ಕೆ ಮುಂಚೆ ಊಟ ಮುಗಿಸಿ ಬನ್ನಿ, ಬೇರೆ ಯಾವುದನ್ನೂ ಸದ್ಯಕ್ಕೆ ಬದಲಾಯಿಸಬೇಡಿ ಎಂದು ಕಳಿಸಿದರು.

ಮನೆಗೆ ಬಂದು ಇದನ್ನು ಹೇಳಿದಾಗ ಅವ್ವ ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. "ನಮ್ಮೂರಲ್ಲಿ ದೀಪ ಹಚ್ಚೋ ಹೊತ್ಗೆ ಉಂಡ್ಬಿಟ್ಟು ಜಗಲಿ ಮೇಲೆ ಕೂತ್ಕೊಳ್ತಿದ್ವಿ ಕಣಪ್ಪ. ಹತ್ತು ಗಂಟೆಗೆ ಉಣ್ಣೋದು ಪಟ್ಟಣಕ್ಕೆ ಬಂದ್ಮೇಲೆ ನಿಮ್ಮಪ್ಪ ಕಲ್ತಿದ್ದು" ಎಂದಳು. ವೈದ್ಯರು ಹಾಳೆಯ ಮೇಲೆ ಬರೆದು ತೋರಿಸಿದ್ದನ್ನು ಅವಳು ಒಂದು ಮಾತಿನಲ್ಲಿ ಹೇಳಿದ್ದಳು.

ಊಟದ ಹೊತ್ತನ್ನು ಎರಡು ಗಂಟೆ ಹಿಂದಕ್ಕೆ ತರುವುದು ಹೇಳಿದಷ್ಟು ಸುಲಭವಲ್ಲ. ಆರೋಗ್ಯದ ಬಗ್ಗೆ ಬರೆಯುವವರು ಈ ಭಾಗವನ್ನು ಬೇಗ ದಾಟಿಬಿಡುತ್ತಾರೆ ಎಂಬುದು ನನ್ನ ಅಭಿಪ್ರಾಯ. ನನ್ನ ಹೆಂಡತಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಐದಕ್ಕೆ ಮನೆಗೆ ಬಂದು, ಒಂದಿಷ್ಟು ಹೊತ್ತು ಕಾಲು ಚಾಚಿ, ನೋಟ್‌ಬುಕ್ ತಿದ್ದಿ, ಆಮೇಲೆ ಅಡುಗೆಗೆ ಏಳುವುದು ಅವಳ ಕ್ರಮವಾಗಿತ್ತು. ಮಗಳಿಗೆ ಆಗ ಪಿಯುಸಿ, ಟ್ಯೂಷನ್ ಮುಗಿಸಿ ಬರುವುದೇ ಎಂಟೂಕಾಲಕ್ಕೆ. "ನಿಮಗೊಬ್ಬರಿಗೆ ಎಂಟಕ್ಕೆ ಮುಂಚೆ ಬಡಿಸಬೇಕೆಂದರೆ ನಾನು ಎರಡು ಸಲ ಒಲೆ ಹಚ್ಚಬೇಕಾಗುತ್ತದಲ್ಲ, ರೀ" ಎಂದು ಅವಳು ಕೇಳಿದ್ದರಲ್ಲಿ ನ್ಯಾಯವಿತ್ತು. ನನ್ನ ಆರೋಗ್ಯಕ್ಕಾಗಿ ಅವಳ ಬಿಡುವನ್ನು ತೆಗೆದುಕೊಳ್ಳಲು ನನಗೆ ಯಾವ ಹಕ್ಕೂ ಇರಲಿಲ್ಲ. ಎರಡು ಭಾನುವಾರ ಕೂತು ಮಾತಾಡಿ ಕೆಲಸಗಳನ್ನು ಹಂಚಿಕೊಂಡೆವು. ಬೆಳಿಗ್ಗೆ ಅಡುಗೆಯ ಜೊತೆಯಲ್ಲೇ ಸಾಯಂಕಾಲಕ್ಕೂ ಬೇಳೆ ಕಾಳು ಬೇಯಿಸಿಡುವುದು, ಹಿಂದಿನ ರಾತ್ರಿಯೇ ಸೊಪ್ಪು ಬಿಡಿಸಿ ತರಕಾರಿ ಹೆಚ್ಚಿಡುವುದು ನನ್ನ ಕೆಲಸ. ಸಾಯಂಕಾಲ ಒಗ್ಗರಣೆ ಹಾಕುವುದು ಅವಳ ಕೆಲಸ. ಮುದ್ದೆ ತೊಳಸುವುದನ್ನು ಅವ್ವ ಯಾರಿಗೂ ಬಿಟ್ಟುಕೊಡಲಿಲ್ಲ. ಊಟವಾದ ಮೇಲೆ ಪಾತ್ರೆ ತೊಳೆದು ಒಲೆಕಟ್ಟೆ ಒರೆಸುವುದು ಮತ್ತೆ ನನ್ನ ಕೆಲಸ. ಮಗಳು ಬಂದಾಗ ಯಾರಾದರೊಬ್ಬರು ಅವಳ ಎದುರು ಕೂತು ಬಡಿಸುವುದೆಂದು ಒಪ್ಪಿಕೊಂಡೆವು. ಕಚೇರಿಯಲ್ಲಿ ಯಜಮಾನರನ್ನು ಕೇಳಿ ಬೆಳಿಗ್ಗೆ ಅರ್ಧ ಗಂಟೆ ಮೊದಲು ಬರುವ, ಸಾಯಂಕಾಲ ಅರ್ಧ ಗಂಟೆ ಮೊದಲು ಹೊರಡುವ ಅನುಮತಿ ಪಡೆದೆ. ಇಷ್ಟೆಲ್ಲ ವ್ಯವಸ್ಥೆಯಾದ ಮೇಲೆ ಏಳೂಮುಕ್ಕಾಲಿನ ಊಟ ಸಾಧ್ಯವಾಯಿತು. ಅಡುಗೆಮನೆಯ ಕೆಲಸ ಹಂಚಿಕೆಯಾಗದೆ ಹೋಗಿದ್ದರೆ ಇದು ಕೂಡ 23 ದಿನಕ್ಕೆ ನಿಲ್ಲುತ್ತಿತ್ತೆಂದು ನಾನು ಖಚಿತವಾಗಿ ಹೇಳಬಲ್ಲೆ.

ಮೊದಲ ವಾರ ಹತ್ತು ಗಂಟೆಗೆ ವಿಪರೀತ ಹಸಿವಾಗುತ್ತಿತ್ತು. ಒಂದು ಲೋಟ ಬಿಸಿ ನೀರು ಕುಡಿದು ಮಲಗುತ್ತಿದ್ದೆ. ಎರಡನೇ ವಾರಕ್ಕೆ ಆ ಹಸಿವು ಅಡಗಿತು. ಬೇಗ ಊಟವಾದ್ದರಿಂದ ಎಂಟರಿಂದ ಹತ್ತರವರೆಗಿನ ಹೊತ್ತು ಬಿಡುವಾಯಿತು. ಆ ಬಿಡುವಿನಲ್ಲಿ ಅವ್ವ ಒಂದು ದಿನ ಶಾಲು ಹೊದ್ದು, ಬೀದಿಯ ಕೊನೆಯ ಗಣಪತಿ ಗುಡಿಯವರೆಗೆ ಕರೆದುಕೊಂಡು ಹೋಗು ಎಂದಳು. ಅವಳ ಹೆಜ್ಜೆಗೆ ಹೋಗಿ ಬರಲು ಹದಿನೈದು ನಿಮಿಷ. ಊಟದ ನಂತರ ನಡೆದಾಗ ಕಾಲಿನ ಸ್ನಾಯುಗಳು ರಕ್ತಕ್ಕೆ ಆಗತಾನೇ ಸೇರುತ್ತಿರುವ ಸಕ್ಕರೆಯನ್ನು ತಮ್ಮ ಕೆಲಸಕ್ಕೆ ಎಳೆದುಕೊಳ್ಳುತ್ತವೆ, ಆದ್ದರಿಂದ ಊಟದ ನಂತರದ ಏರಿಕೆ ತಗ್ಗುತ್ತದೆ ಎಂದು ವೈದ್ಯರು ಆಮೇಲೆ ವಿವರಿಸಿದರು. ಅದು ಗೊತ್ತಿಲ್ಲದಾಗಲೂ ನಾನು ಹೋಗುತ್ತಿದ್ದೆ. 74 ವರ್ಷದ ಅವ್ವ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿರುವಾಗ ಇವತ್ತು ಬೇಡ ಎನ್ನುವ ಮನಸ್ಸು ನನಗೆ ಬರುತ್ತಿರಲಿಲ್ಲ. ಆ ಹದಿನೈದು ನಿಮಿಷಗಳಲ್ಲಿ ಅಪ್ಪನ ಬಗ್ಗೆ ನಾನು ಹಿಂದೆಂದೂ ಕೇಳಿರದ ಎಷ್ಟೋ ಸಂಗತಿಗಳನ್ನು ಅವಳು ಹೇಳಿದಳು.

ನಿದ್ದೆಯ ವಿಷಯ ಬೇರೆಯೇ ಆಗಿತ್ತು. ಊಟ ಬೇಗ ಮುಗಿದರೂ ಮೂರು ಗಂಟೆಯ ಎಚ್ಚರ ಹೋಗಲಿಲ್ಲ. ಕತ್ತಲಲ್ಲಿ ಕಣ್ಣು ಬಿಟ್ಟಕೂಡಲೇ ಎದೆ ಬಡಿತ ಏರುತ್ತಿತ್ತು; ಯಾವ ಕಕ್ಷಿದಾರರ ಲೆಕ್ಕದಲ್ಲಿ ಏನು ತಪ್ಪಿದೆಯೋ, ಮಗಳ ಕಾಲೇಜಿನ ಶುಲ್ಕಕ್ಕೆ ಎಲ್ಲಿಂದ ತರುವುದೋ, ಅಪ್ಪನಂತೆ ನನಗೂ ಆದರೆ ಇವರ ಗತಿಯೇನೋ ಎಂದು ಒಂದರ ಹಿಂದೆ ಒಂದು ಬರುತ್ತಿದ್ದವು. ಹಗಲಿನಲ್ಲಿ ಮನೆಯವರ ಮೇಲೆ ರೇಗುತ್ತಿದ್ದೆ. ಫೆಬ್ರವರಿಯ ಒಂದು ಸಾಯಂಕಾಲ ಅಂಕಗಳ ವಿಷಯಕ್ಕೆ ಮಗಳನ್ನು ಬಹಳ ಕಟುವಾಗಿ ಬೈದೆ. ಅವಳು ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಎರಡನೆಯ ರಾತ್ರಿ ಮೂರೂಕಾಲಕ್ಕೆ ನಾನು ಮಾನಸಿಕ ಆರೋಗ್ಯದ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಈ ಉಚಿತ ಸೇವೆ ದಿನದ 24 ಗಂಟೆಯೂ ಇರುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಇದು ತೀರಾ ಕೆಟ್ಟ ಸ್ಥಿತಿಯಲ್ಲಿರುವವರಿಗೆ ಮಾತ್ರವೆಂದು ಅಲ್ಲಿಯವರೆಗೆ ನಂಬಿದ್ದೆ. ಆ ಕಡೆ ಕನ್ನಡದಲ್ಲಿ ಮಾತಾಡಿದ ಆಪ್ತ ಸಮಾಲೋಚಕಿ ಇಪ್ಪತ್ತು ನಿಮಿಷ ನನ್ನ ಮಾತನ್ನು ಕೇಳಿಸಿಕೊಂಡರು. ನಿದ್ದೆ ಬಾರದೆ ಇಪ್ಪತ್ತು ನಿಮಿಷ ಕಳೆದರೆ ಹಾಸಿಗೆಯಲ್ಲಿ ಹೊರಳಾಡದೆ ಎದ್ದು ಮಂದ ಬೆಳಕಿನಲ್ಲಿ ಕೂತಿರಿ, ನಿದ್ದೆ ತೂಗಿದಾಗ ಮಾತ್ರ ಮರಳಿ ಮಲಗಿ. ರಾತ್ರಿ ಹೇಗೆಯೇ ಕಳೆದಿರಲಿ, ಬೆಳಿಗ್ಗೆ ಏಳುವ ಹೊತ್ತು ಒಂದೇ ಇರಲಿ. ಚಿಂತೆಗಳಿಗೆಂದು ಸಾಯಂಕಾಲವೇ ಹದಿನೈದು ನಿಮಿಷ ಮೀಸಲಿಟ್ಟು ಅವನ್ನು ಬರೆದಿಡಿ ಎಂಬ ಮೂರು ಮಾತು ಹೇಳಿದರು. ಮರುದಿನ ಮಗಳ ಬಳಿ ಕ್ಷಮೆ ಕೇಳಿದೆ.

ಬರೆಯುವುದು ನನ್ನ ವೃತ್ತಿಗೆ ಹೊಂದುವ ಮದ್ದಾಗಿತ್ತು. ಗುಡಿಯಿಂದ ಬಂದ ಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಎಡಗಡೆ ಚಿಂತೆಯನ್ನೂ ಬಲಗಡೆ ಅದಕ್ಕೆ ನಾಳೆ ಮಾಡಬಹುದಾದ ಒಂದು ಕೆಲಸವನ್ನೂ ಬರೆಯತೊಡಗಿದೆ. ಬಲಗಡೆ ಬರೆಯಲು ಏನೂ ಇಲ್ಲದ ಚಿಂತೆಗಳೂ ಇದ್ದವು. ಅವುಗಳ ಎದುರು ಜಾಗವನ್ನು ಖಾಲಿ ಬಿಟ್ಟೆ. ಫೋನಿನ ಚಾರ್ಜರನ್ನು ನಡುಮನೆಗೆ ಸಾಗಿಸಿ, ಕೋಣೆಗೆ ಹಳೆಯ ಮಾದರಿಯ ಅಲಾರಾಂ ಗಡಿಯಾರ ತಂದಿಟ್ಟೆ. ಸಾಯಂಕಾಲದ ಕಾಫಿ ನಿಲ್ಲಿಸಿದೆ. ಕುಡಿದ ಕೆಫೀನ್‌ನಲ್ಲಿ ಅರ್ಧ ಭಾಗ ದೇಹದಿಂದ ಹೋಗಲು ಸುಮಾರು ಐದು ಗಂಟೆ ಬೇಕೆಂದ ಮೇಲೆ, ಆರೂವರೆಯ ಕಾಫಿ ಹನ್ನೊಂದೂವರೆಗೂ ನನ್ನನ್ನು ಎಬ್ಬಿಸಿಯೇ ಇಡುತ್ತಿತ್ತು. ಐದಾರು ವಾರಗಳಲ್ಲಿ ಮೂರು ಗಂಟೆಯ ಎಚ್ಚರ ವಾರಕ್ಕೆ ಒಂದೆರಡು ಸಲಕ್ಕೆ ಇಳಿಯಿತು, ಎಚ್ಚರವಾದರೂ ಎದೆ ಬಡಿದುಕೊಳ್ಳುತ್ತಿರಲಿಲ್ಲ.

ಏಪ್ರಿಲ್‌ನ ಪರೀಕ್ಷೆಯಲ್ಲಿ ರಕ್ತದೊತ್ತಡ 134/86 ಇತ್ತು, ಎಚ್‌ಬಿಎ1ಸಿ 6.0, ತೂಕ 78 ಕಿಲೋ. ತಿನ್ನುವ ಪದಾರ್ಥಗಳಲ್ಲಿ ಆಗಿನ್ನೂ ಏನನ್ನೂ ಬದಲಿಸಿರಲಿಲ್ಲ. ಊಟದ ಕಡೆ ನೋಡಲು ಇನ್ನು ಧೈರ್ಯವಿದೆ ಎನ್ನಿಸಿದ್ದು ಆಗಲೇ.

ಮೊದಲು ಸಕ್ಕರೆ. ಸಾಯಂಕಾಲದ ಕಾಫಿ ನಿಲ್ಲಿಸುವ ಮೊದಲು ದಿನಕ್ಕೆ ಐದು ಕಾಫಿ, ಒಂದೊಂದಕ್ಕೆ ಎರಡು ಚಮಚ ಎಂದರೆ ಸುಮಾರು 50 ಗ್ರಾಂ ಆಗುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಗರಿಷ್ಠ ಮಿತಿ ಸರಿಸುಮಾರು ಅಷ್ಟೇ, ಅದರ ಅರ್ಧವಾದರೆ ಇನ್ನೂ ಒಳ್ಳೆಯದು. ನಾನು ಬೇಕರಿಯ ತಿನಿಸನ್ನು ಎಣಿಸುವ ಮೊದಲೇ ಆ ಮಿತಿ ಮುಟ್ಟುತ್ತಿದ್ದೆ. ಎರಡು ವಾರಕ್ಕೊಮ್ಮೆ ಅರ್ಧ ಚಮಚ ಇಳಿಸುತ್ತ ಬಂದದ್ದರಿಂದ ನಾಲಿಗೆ ತಕರಾರು ಮಾಡಲಿಲ್ಲ. ಈಗ ದಿನಕ್ಕೆ ಎರಡು ಕಾಫಿ, ಅರ್ಧರ್ಧ ಚಮಚ. ಉಪ್ಪನ್ನು ಅಳೆಯಲು ಒಂದು ದಾರಿ ಹುಡುಕಿಕೊಂಡೆ: ಒಂದು ಕಿಲೋ ಪೊಟ್ಟಣ ಒಡೆದ ದಿನ ಅದರ ಮೇಲೆ ತಾರೀಖು ಬರೆದೆ. ನಾಲ್ವರ ಮನೆಯಲ್ಲಿ ಅದು 20 ದಿನಕ್ಕೆ ಮುಗಿಯಿತು, ಅಂದರೆ ತಲೆಗೆ ದಿನಕ್ಕೆ ಹನ್ನೆರಡೂವರೆ ಗ್ರಾಂ. ಇರಬೇಕಾದದ್ದು 5 ಗ್ರಾಂಗಿಂತ ಕಡಿಮೆ. ಊಟಕ್ಕೆ ಕೂತಾಗ ಉಪ್ಪಿನ ಬಟ್ಟಲನ್ನು ಮುಂದಿಡುವುದನ್ನು ನಿಲ್ಲಿಸಿ, ಉಪ್ಪಿನಕಾಯಿ ಹಪ್ಪಳವನ್ನು ಭಾನುವಾರಕ್ಕೆ ಉಳಿಸಿಕೊಂಡು, ಅನ್ನಕ್ಕೆ ಉಪ್ಪು ಹಾಕುವುದನ್ನು ಬಿಟ್ಟ ಮೇಲೆ ಪೊಟ್ಟಣ 34 ದಿನ ಬರುತ್ತಿದೆ. ಇನ್ನೂ ಮಿತಿ ಮೀರಿಯೇ ಇದ್ದೇವೆ. ಆದರೆ ಈ ಲೆಕ್ಕದಿಂದ ಲಾಭವಾದದ್ದು ನನಗಿಂತ ಹೆಚ್ಚಾಗಿ ಬಿಪಿ ಮಾತ್ರೆ ತೆಗೆದುಕೊಳ್ಳುವ ಅವ್ವನಿಗೆ.

ರಾಗಿಯ ಬಗ್ಗೆ ನನಗಿದ್ದ ಒಂದು ತಪ್ಪು ತಿಳಿವಳಿಕೆ ತಿದ್ದಿಕೊಳ್ಳಬೇಕಾಯಿತು. ಶುಗರ್ ಇರುವವರು ಮುದ್ದೆಯನ್ನು ಎಷ್ಟಾದರೂ ಉಣ್ಣಬಹುದೆಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ರಾಗಿಯಲ್ಲಿ ನಾರು, ಸುಣ್ಣದಂಶ ಹೇರಳವಾಗಿರುವುದು ನಿಜ. ಆದರೆ ಅದರಲ್ಲಿಯೂ ಹೆಚ್ಚಿನ ಪಾಲು ಪಿಷ್ಟವೇ, ಹೊಲದಲ್ಲಿ ಉತ್ತು ಬಂದವನ ಮುದ್ದೆಯ ಗಾತ್ರ ಕುರ್ಚಿಯಲ್ಲಿ ಕೂತು ಬಂದವನಿಗೆ ಹೊಂದುವುದಿಲ್ಲ. ಎರಡು ಮುದ್ದೆ ಉಣ್ಣುತ್ತಿದ್ದವನು ಒಂದಕ್ಕೆ, ಅದೂ ಸಣ್ಣದಕ್ಕೆ ಬಂದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ತಟ್ಟೆಯ ಸುಮಾರು ಅರ್ಧದಷ್ಟು ತರಕಾರಿ, ಸೊಪ್ಪು, ಹಣ್ಣುಗಳಿರಲಿ ಎಂದಿದೆ. ನಮ್ಮ ಬಸ್ಸಾರಿನ ಊಟಕ್ಕೆ ಇದು ಹೊಸದಲ್ಲ. ಕಾಳು ಸೊಪ್ಪು ಬೇಯಿಸಿ ಬಸಿದ ನೀರಿನಲ್ಲಿ ಸಾರು, ಬಸಿದುಳಿದದ್ದರಲ್ಲಿ ಪಲ್ಯ; ಆ ಪಲ್ಯವನ್ನು ಪಕ್ಕದಲ್ಲಿ ಒಂದು ಚಮಚ ಬಡಿಸಿಕೊಳ್ಳುವ ಬದಲು ಮೊದಲು ಒಂದು ಬಟ್ಟಲು ತಿಂದು ಆಮೇಲೆ ಮುದ್ದೆ ಮುರಿಯುವುದನ್ನು ರೂಢಿಸಿಕೊಂಡೆವು. ಅನ್ನವನ್ನು ನಾನು ಬಿಟ್ಟಿಲ್ಲ. ಕೊನೆಯಲ್ಲಿ ಒಂದು ಹಿಡಿ ಮಜ್ಜಿಗೆ ಅನ್ನವಿಲ್ಲದೆ ಊಟ ಮುಗಿಯಿತೆಂದು ನನಗೆ ಅನ್ನಿಸುವುದಿಲ್ಲ, ಆ ತೃಪ್ತಿಯನ್ನು ಕಳೆದುಕೊಂಡು ನಡೆಸುವ ಪಥ್ಯ ನನ್ನಲ್ಲಿ ಉಳಿಯದು.

ಬೆಳಗಿನ ನಡಿಗೆ ತಾನಾಗಿಯೇ ಬಂತು. ಹತ್ತಕ್ಕೆ ಮಲಗುವವನಿಗೆ ಐದೂವರೆಗೆ ಎಚ್ಚರವಾಗತೊಡಗಿ, ಮನೆಯೊಳಗೆ ಸುಮ್ಮನೆ ಕೂತಿರಲಾರದೆ ಜೂನ್‌ನ ಒಂದು ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಗೆ ಹೋದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಕಟ್ಟಿಸಿದ ಈ ಕೆರೆಯ ಸುತ್ತಲಿನ ದಾರಿ ಮಣ್ಣಿನದು. ನನ್ನ ಮೊಣಕಾಲಿಗೆ ಡಾಂಬರು ರಸ್ತೆಗಿಂತ ಅದು ಹಿತ. ಮೊದಲ ತಿಂಗಳು ಪೂರ್ತಿ ಸುತ್ತು ಹಾಕದೆ, ಇಪ್ಪತ್ತು ನಿಮಿಷ ಹೋಗಿ ಅದೇ ದಾರಿಯಲ್ಲಿ ಹಿಂದಿರುಗುತ್ತಿದ್ದೆ. ಹೆಜ್ಜಾರ್ಲೆಗಳು ನೀರಿನ ಮೇಲೆ ತೇಲುವುದನ್ನೂ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುವುದನ್ನೂ ನೋಡುತ್ತ ನಡೆದ ದಿನ ಕಚೇರಿಯಲ್ಲಿ ನನ್ನ ದನಿ ಏರುವುದಿಲ್ಲವೆಂದು ಸಹೋದ್ಯೋಗಿಯೊಬ್ಬರು ಗಮನಿಸಿ ಹೇಳಿದರು. ವಾರಕ್ಕೆ ನಾಲ್ಕು ದಿನ ಕೆರೆ, ಪ್ರತಿ ರಾತ್ರಿ ಗುಡಿ ಸೇರಿದರೆ ವಾರಕ್ಕೆ 150 ನಿಮಿಷವೆಂಬ ಶಿಫಾರಸು ಮೀರುತ್ತದೆ. ಕೆರೆಗೆ ಹೋಗದ ದಿನಗಳಲ್ಲಿ ಎರಡು ದಿನ ಕುರ್ಚಿಯಿಂದ ಕೈಯೂರದೆ ಏಳುವುದು, ಗೋಡೆಗೆ ಕೈಕೊಟ್ಟು ದಂಡ ಹೊಡೆಯುವುದು ಇಷ್ಟನ್ನು ಮಾಡುತ್ತೇನೆ.

2024ರ ಸೆಪ್ಟೆಂಬರ್ ಎಲ್ಲವನ್ನೂ ಅಲುಗಾಡಿಸಿತು. 19ರಿಂದ 30ರವರೆಗೆ ಒಂದು ದಿನವೂ ಹತ್ತಕ್ಕೆ ಮುಂಚೆ ಮನೆ ಸೇರಲಿಲ್ಲ. ಹಳೆಯ ಊಟ, ಹಳೆಯ ಫೋನು, ಮೂರು ಗಂಟೆಯ ಎಚ್ಚರ ಎಲ್ಲ ಹನ್ನೆರಡೇ ದಿನದಲ್ಲಿ ಮರಳಿ ಬಂದವು. ಅಕ್ಟೋಬರ್ 1ರ ಸಾಯಂಕಾಲ ದಣಿದು ಸೋಫಾದಲ್ಲಿ ಬಿದ್ದಿದ್ದಾಗ ಅವ್ವ ಏನೂ ಕೇಳದೆ ಶಾಲು ಹೊದ್ದು ಬಾಗಿಲಲ್ಲಿ ನಿಂತಳು. ಹಿಂದಿನ ವರ್ಷದ ಜುಲೈಗೂ ಇದಕ್ಕೂ ಇದ್ದ ವ್ಯತ್ಯಾಸ ಅಷ್ಟೇ. ಎದ್ದು ಹೋದೆ, ಒಂದು ವಾರದಲ್ಲಿ ಉಳಿದದ್ದೆಲ್ಲ ಹಳಿಗೆ ಬಂತು.

2025ರ ಮಾರ್ಚ್‌ನ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ 5.8, ರಕ್ತದೊತ್ತಡ 128/82, ತೂಕ 74 ಕಿಲೋ, ಸೊಂಟ 93 ಸೆಂಟಿಮೀಟರ್. ಭಾರತೀಯ ಗಂಡಸರಿಗೆ 90 ಮಿತಿಯೆನ್ನುವ ಲೆಕ್ಕದಲ್ಲಿ ಇನ್ನೂ ಮೂರು ಸೆಂಟಿಮೀಟರ್ ಬಾಕಿ, ಸಕ್ಕರೆಯೂ ಸಹಜದ ಗೆರೆಯಿಂದ ಕೂದಲೆಳೆಯಷ್ಟು ಮೇಲಿದೆ. ತೂಕ ಶೇ. 7ರಷ್ಟು ಇಳಿಸುವ, ವಾರಕ್ಕೆ 150 ನಿಮಿಷ ನಡೆಯುವ ಗುರಿ ಇಟ್ಟುಕೊಂಡವರಲ್ಲಿ ಮಧುಮೇಹಕ್ಕೆ ದಾಟುವ ಪ್ರಮಾಣ ಶೇ. 58ರಷ್ಟು ತಗ್ಗಿತೆಂದು 2002ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ತೋರಿಸಿತ್ತು. ಭಾರತದಲ್ಲಿ ನಡೆದ ಇಂಥದ್ದೇ ಅಧ್ಯಯನದಲ್ಲಿ ಆ ಇಳಿಕೆ ಶೇ. 28.5. ನಮ್ಮವರಲ್ಲಿ ಲಾಭ ಕಡಿಮೆ ಕಂಡಿತೆಂಬುದು ನನ್ನನ್ನು ಹೆಚ್ಚು ಎಚ್ಚರದಲ್ಲಿಟ್ಟಿದೆ. ಆರು ತಿಂಗಳಿಗೊಮ್ಮೆ ಪರೀಕ್ಷೆ ಮುಂದುವರಿಯುತ್ತದೆ.

ಈ ವರ್ಷದ ಸೆಪ್ಟೆಂಬರ್‌ಗೆ ಆಗಸ್ಟ್‌ನಲ್ಲಿಯೇ ಯಜಮಾನರ ಬಳಿ ಮಾತಾಡಿದ್ದೇನೆ. ಕೆಲಸ ತಡವಾಗುವ ದಿನಗಳಲ್ಲಿ ಏಳೂವರೆಗೆ ಅರ್ಧ ಗಂಟೆ ಎಲ್ಲರೂ ಕಂಪ್ಯೂಟರ್ ಮುಚ್ಚಿ ಮನೆಯಿಂದ ತಂದ ಡಬ್ಬಿ ತೆರೆಯುವುದೆಂದು ಒಪ್ಪಿಕೊಂಡಿದ್ದಾರೆ. ಅವರೂ ತಮ್ಮ ಡಬ್ಬಿ ತರುತ್ತಾರಂತೆ. ನನ್ನ ಡಬ್ಬಿಗೆ ಮುದ್ದೆ ಒಗ್ಗುವುದಿಲ್ಲವಾದ್ದರಿಂದ ರಾಗಿ ರೊಟ್ಟಿ, ಹುರುಳಿಕಾಳಿನ ಪಲ್ಯ, ಒಂದು ಸಣ್ಣ ಡಬ್ಬಿಯಲ್ಲಿ ಮಜ್ಜಿಗೆ ಅನ್ನ ಎಂದು ಹೆಂಡತಿಯೂ ನಾನೂ ಗೊತ್ತು ಮಾಡಿದ್ದೇವೆ. ಆ ಹನ್ನೆರಡು ರಾತ್ರಿ ಅವ್ವನನ್ನು ಗುಡಿಯವರೆಗೆ ಕರೆದುಕೊಂಡು ಹೋಗುವ ಕೆಲಸವನ್ನು ಮಗಳು ಒಪ್ಪಿಕೊಂಡಿದ್ದಾಳೆ.